ಒಂದಕ್ಕೆ ತಳ್ಳು, ಎರಡು ಮೂರಕ್ಕೆ ತಾಳು

(ಹೊಸಪೇಟೆಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ರೋಯಿಂಗ್ ಬಗ್ಗೆ ಆಡಿದ ಮಾತು. ವೇದಿಕೆ ಮೇಲೆ ಒಂದು ರೋಯಿಂಗ್ ಮಷೀನ್ ಇಟ್ಟುಕೊಂಡಿದ್ದೆ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹರಿಗೋಲಿನಲ್ಲಿ ಕೂತವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಹೆಚ್ಚುಕಡಿಮೆ ಎಲ್ಲರೂ! ಹಂಪಿ ಪಕ್ಕದ ಊರಲ್ವಾ, ಇರಲೇಬೇಕು. ಹಾಗಾದರೆ ಅಂಬಿಗ ಏನು ಮಾಡುತ್ತಾನೆ ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. ಅವನ ಕೈಯಲ್ಲಿ ಒಂದೇ ಹುಟ್ಟು. ಮುಖ ಆಚೆ ದಡದ ಕಡೆಗೆ. ಹುಟ್ಟನ್ನು ಮುಂದೆ ನೀರಿಗೆ ಇಳಿಸಿ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಹುಟ್ಟು ಹರಿಗೋಲಿಗೆ ಎಲ್ಲೂ ಕಟ್ಟಿರುವುದಿಲ್ಲ, ಅವನ ಕೈಯಲ್ಲೇ ಇರುತ್ತದೆ. ಕೈಬಿಟ್ಟರೆ ತೇಲಿಕೊಂಡು ಹೋಯಿತು.

ಇವತ್ತು ನಾನು ಹೇಳಲು ಬಂದಿರುವ ಆಟದಲ್ಲಿ ಇವೆಲ್ಲ ತಿರುಗಾಮುರುಗಾ. ರೋಯಿಂಗ್‌ನಲ್ಲಿ ಮುಖ ಹಿಂದಕ್ಕೆ. ಬಿಟ್ಟು ಬಂದ ದಡ ಕಾಣುತ್ತದೆ, ಹೋಗಬೇಕಾದ ದಡ ಬೆನ್ನ ಹಿಂದೆ ಇರುತ್ತದೆ. ಹುಟ್ಟನ್ನು ದೋಣಿಯ ಪಕ್ಕದಲ್ಲಿ ಚಾಚಿಕೊಂಡಿರುವ ಲೋಹದ ಕೈಯ ತುದಿಗೆ ಸಿಕ್ಕಿಸಿರುತ್ತಾರೆ. ಕೂರುವ ಪೀಠಕ್ಕೆ ಸಣ್ಣ ಚಕ್ರಗಳಿರುತ್ತವೆ, ಅದು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಪಾದಗಳನ್ನು ದೋಣಿಗೇ ಬಿಗಿದ ಶೂಗಳಲ್ಲಿ ಹಾಕಿಕೊಂಡಿರುತ್ತೀರಿ.

ಕೇರಳದ ಹಾವಿನ ದೋಣಿ ಓಟ ರೋಯಿಂಗ್ ತಾನೇ ಅಂತ ತುಂಬಾ ಜನ ಕೇಳುತ್ತಾರೆ. ನೋಡಲು ಅದರಷ್ಟು ಚಂದದ್ದು ಇನ್ನೊಂದಿಲ್ಲ, ಆದರೆ ಅದು ರೋಯಿಂಗ್ ಅಲ್ಲ. ಅಲ್ಲಿ ಎಲ್ಲರೂ ಮುಂದಕ್ಕೆ ನೋಡುತ್ತಾರೆ, ಹುಟ್ಟು ಕೈಯಲ್ಲೇ ಇರುತ್ತದೆ. ಕಯಾಕ್, ಕೆನೂ, ದಾಂಡೇಲಿಯ ರಾಫ್ಟಿಂಗ್ ಎಲ್ಲವೂ ಆ ಕಡೆಯ ನೆಂಟರು. ಹುಟ್ಟು ದೋಣಿಗೆ ಸಿಕ್ಕಿಸಿದ್ದರೆ, ಬೆನ್ನು ಮುಂದೆ ಮಾಡಿ ಕೂತಿದ್ದರೆ ಅದು ರೋಯಿಂಗ್. ಈ ಗುರುತು ಸಾಕು.

ಹಿಂದುಮುಂದಾಗಿ ಯಾಕೆ ಕೂರಬೇಕು? ಕಾಲಿಗೋಸ್ಕರ. ಮೈಯಲ್ಲಿ ಎಲ್ಲಕ್ಕಿಂತ ದೊಡ್ಡ ಸ್ನಾಯುಗಳಿರುವುದು ತೊಡೆಯಲ್ಲಿ, ಪೃಷ್ಠದಲ್ಲಿ. ಮುಂದೆ ನೋಡಿಕೊಂಡು ಹುಟ್ಟು ಹಾಕಿದರೆ ಕೆಲಸವೆಲ್ಲ ಹೆಗಲು, ತೋಳು, ಸೊಂಟದ ಪಾಲಿಗೆ. ಹಿಂದಕ್ಕೆ ತಿರುಗಿ ಕೂತು, ಪಾದ ಊರಿ, ಪೀಠ ಜಾರುವಂತೆ ಮಾಡಿಕೊಂಡರೆ ಇಡೀ ಕಾಲನ್ನು ನೀರಿನ ಕೆಲಸಕ್ಕೆ ಹಚ್ಚಬಹುದು. ಜಾರುವ ಪೀಠ ಬಂದದ್ದು 19ನೇ ಶತಮಾನದಲ್ಲಿ. ಅದಕ್ಕೂ ಮೊದಲು ಇಂಗ್ಲೆಂಡಿನ ರೋವರ್‌ಗಳು ಚಡ್ಡಿಗೆ ಜಿಡ್ಡು ಹಚ್ಚಿಕೊಂಡು ನಯವಾದ ಹಲಗೆ ಮೇಲೆ ಜಾರುತ್ತಿದ್ದರು. ಕಾಲಿನ ಬಲ ಬೇಕು ಅಂತ ಅವರಿಗೂ ಗೊತ್ತಿತ್ತು, ದಾರಿ ಹುಡುಕುತ್ತಿದ್ದರು ಅಷ್ಟೇ.

ಈಗ ದೋಣಿ ನೋಡೋಣ. ಒಬ್ಬರೇ ಕೂರುವ ರೇಸ್ ದೋಣಿಗೆ ಸಿಂಗಲ್ ಅನ್ನುತ್ತಾರೆ. ಉದ್ದ ಸುಮಾರು 8 ಮೀಟರ್. ಅಗಲ? ಒಂದು ಮೊಳಕ್ಕಿಂತ ಕಡಿಮೆ. ನೀವು ಕೂತರೆ ಎರಡೂ ಪಕ್ಕಕ್ಕೆ ಸ್ವಲ್ಪ ಜಾಗವೂ ಉಳಿಯುವುದಿಲ್ಲ. ತೂಕ ಕನಿಷ್ಠ 14 ಕೆಜಿ ಇರಬೇಕು ಅಂತ ನಿಯಮ. ಮನೆಯ ಖಾಲಿ ಗ್ಯಾಸ್ ಸಿಲಿಂಡರ್ ಎತ್ತಿದ್ದೀರಲ್ವಾ, ಅದಕ್ಕಿಂತಲೂ ಹಗುರ. ಇಂಥ ದೋಣಿಯಲ್ಲಿ 60, 80, 100 ಕೆಜಿ ತೂಕದ ಮನುಷ್ಯರು ಕೂರುತ್ತಾರೆ. ಎಂಟು ಜನರ ದೋಣಿ ನಿಮ್ಮ ಊರಿನ ಬಸ್ಸಿಗಿಂತ ಉದ್ದ, ಸುಮಾರು 17–18 ಮೀಟರ್. ಆದರೂ ಅದರ ಕನಿಷ್ಠ ತೂಕ 96 ಕೆಜಿ ಅಷ್ಟೇ. ತರಬೇತಿ ಮುಗಿದ ಮೇಲೆ ಅದೇ ಎಂಟು ಜನ ಅದನ್ನು ತಲೆ ಮೇಲೆ ಎತ್ತಿ ಹೆಗಲಿಗೆ ಇಳಿಸಿ ಶೆಡ್ಡಿಗೆ ನಡೆದುಕೊಂಡು ಹೋಗುತ್ತಾರೆ.

ಇಷ್ಟು ಸಣಕಲು ದೋಣಿ ಮಗುಚಿಕೊಳ್ಳುವುದಿಲ್ಲವಾ? ತಾನಾಗಿ ಬಿಟ್ಟರೆ ಖಂಡಿತ ಮಗುಚುತ್ತದೆ. ಅದನ್ನು ನಿಲ್ಲಿಸಿಕೊಂಡಿರುವುದು ಹುಟ್ಟುಗಳು. ಡೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವ ಹುಡುಗಿ ಉದ್ದದ ಕೋಲು ಹಿಡಿದಿರುತ್ತಾಳಲ್ಲ, ಸಿಂಗಲ್‌ನಲ್ಲಿ ಎರಡು ಹುಟ್ಟುಗಳೂ ಅದೇ ಕೆಲಸ ಮಾಡುತ್ತವೆ. ಒಂದೊಂದೂ ಸುಮಾರು 2.9 ಮೀಟರ್ ಉದ್ದ. ಎರಡೂ ಕೈ ಹಿಡಿಕೆ ಮೇಲೆ ಇರುವವರೆಗೆ ದೋಣಿ ನೆಟ್ಟಗಿರುತ್ತದೆ.

ಇದನ್ನು ನಾನು ಕಲಿತದ್ದು ನೀರಿಗೆ ಬಿದ್ದು. ಚೆನ್ನೈನಲ್ಲಿ ಕೆಲಸದಲ್ಲಿದ್ದಾಗ ಅಡ್ಯಾರ್ ನದಿಯಲ್ಲಿ ರೋಯಿಂಗ್ ಶುರು ಮಾಡಿದೆ. ನಮಗೆ ಕಲಿಸುತ್ತಿದ್ದವರು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿದ್ದು ನಿವೃತ್ತರಾದ ಒಬ್ಬ ಸುಬೇದಾರರು. ಮಾಸ್ಟರ್ ಅಂತಲೇ ಎಲ್ಲರೂ ಕರೆಯುತ್ತಿದ್ದೆವು. ಹಲಸೂರು ಕೆರೆಯಲ್ಲಿ ಹುಟ್ಟು ಹಾಕಿ ಬೆಳೆದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ನಾನು ಕನ್ನಡದವಳು ಅಂತ ಗೊತ್ತಾದ ಮೇಲೆ ನನ್ನ ಜೊತೆ ಮಾತ್ರ ಕನ್ನಡದಲ್ಲೇ ಮಾತು. ಮೂರನೇ ವಾರ ಮೊದಲ ಸಲ ಸಿಂಗಲ್‌ನಲ್ಲಿ ಕೂರಿಸಿದರು. ಬೆಳಿಗ್ಗೆ ಆರು ಗಂಟೆ. ನೀರು ಕನ್ನಡಿ ಹಾಗೆ ನಿಂತಿತ್ತು. ನೂರು ಮೀಟರ್ ಹೋಗಿರಬಹುದು, ಕಣ್ಣಿಗೆ ಬೆವರು ಇಳಿಯಿತು. ಒರೆಸಿಕೊಳ್ಳಲು ಬಲಗೈ ಎತ್ತಿದೆ. ಅಷ್ಟೇ ಗೊತ್ತು. ಆಮೇಲೆ ಕಂಡದ್ದು ಹಸಿರು ನೀರು.

ಪಾದ ದೋಣಿಗೆ ಬಿಗಿದ ಶೂನಲ್ಲಿ ಸಿಕ್ಕಿಕೊಂಡಿದೆ, ತಲೆ ಕೆಳಗೆ. ಆ ಹೊತ್ತಿಗೆ ಉಳಿಸಿದ್ದು ಒಂದು ದಾರ. ಶೂ ಹಿಮ್ಮಡಿಗೂ ಪಾದದ ಹಲಗೆಗೂ ನಡುವೆ ಒಂದು ಚಿಕ್ಕ ದಾರ ಕಟ್ಟಿರುತ್ತಾರೆ. ಕಾಲು ಎಳೆದಾಗ ಹಿಮ್ಮಡಿ ಸ್ವಲ್ಪ ಮಾತ್ರ ಮೇಲೇಳುತ್ತದೆ, ಆಮೇಲೆ ದಾರ ಶೂವನ್ನು ತಡೆಯುತ್ತದೆ, ಪಾದ ತಾನಾಗಿ ಹೊರಗೆ ಬರುತ್ತದೆ. ಬಂತು. ಮೇಲೆ ಬಂದಾಗ ಮಾಸ್ಟರ್ ಮೋಟರ್ ಬೋಟಿನಿಂದ ಕೂಗುತ್ತಿದ್ದರು: “ದೋಣಿ ಬಿಡಬೇಡಮ್ಮ! ದೋಣಿ ಹಿಡ್ಕೊ! ಅದು ಮುಳುಗಲ್ಲ!” ನಿಜ, ಅದು ಮುಳುಗುವುದಿಲ್ಲ. ಮಗುಚಿದ ದೋಣಿಯೇ ನಿಮ್ಮ ತೆಪ್ಪ. ಅದನ್ನು ಬಿಟ್ಟು ದಡಕ್ಕೆ ಈಜಲು ಹೋಗುವುದು ದೊಡ್ಡ ತಪ್ಪು. ಇವತ್ತಿಗೂ ದೋಣಿ ಹತ್ತುವ ಮುಂಚೆ ನಾನು ಎರಡೂ ಶೂಗಳ ದಾರ ಬೆರಳಿನಿಂದ ಎಳೆದು ನೋಡುತ್ತೇನೆ. ನಿಮ್ಮ ಮಕ್ಕಳನ್ನು ಎಲ್ಲಿಗಾದರೂ ಕಲಿಯಲು ಕಳಿಸಿದರೆ ಮೊದಲು ನೋಡಬೇಕಾದದ್ದು ಆ ದಾರವನ್ನೇ. ಮತ್ತೆ, ಈಜು ಬರಲೇಬೇಕು. ಇದರಲ್ಲಿ ರಾಜಿ ಇಲ್ಲ. ಈಜು ಕಲಿಯದವರನ್ನು ದೋಣಿಗೆ ಹತ್ತಿಸುವ ಜಾಗಕ್ಕೆ ಹೋಗಬೇಡಿ.

ಸರಿ, ಈಗ ಮಷೀನಿಗೆ ಬರೋಣ. ಯಾರಾದರೂ ಬಂದು ಕೂರುತ್ತೀರಾ? ಮೊದಲ ಸಾಲಿನ ಹುಡುಗಿ, ಬಾಮ್ಮ.

(ಪಿಯುಸಿ ಓದುವ ಹುಡುಗಿ ಬಂದು ಕೂತಳು. ಜಿಮ್‌ಗಳಲ್ಲಿ ಈಗ ಕಾಣುವ ಮಷೀನೇ ಅದು. ಅಮೆರಿಕದ ವರ್ಮಾಂಟ್ ರಾಜ್ಯದ ಕಾನ್ಸೆಪ್ಟ್ ಟೂ ಅನ್ನುವ ಕಂಪನಿಯವರು 1981ರಲ್ಲಿ ಮೊದಲ ಮಷೀನ್ ಮಾಡಿದರು. ಅದಕ್ಕೆ ಗಾಲಿಯಾಗಿ ಹಾಕಿದ್ದು ಸೈಕಲ್ ಚಕ್ರ. ಈಗಿನ ಮಷೀನಿನಲ್ಲೂ ಒಂದು ಫ್ಯಾನ್ ಚಕ್ರ ಇರುತ್ತದೆ. ನೀವು ಎಷ್ಟು ಜೋರಾಗಿ ತಿರುಗಿಸಿದರೆ ಗಾಳಿ ಅಷ್ಟು ಜೋರಾಗಿ ತಡೆಯುತ್ತದೆ.)

ನಿನಗೆ ಹೇಗೆ ತೋಚುತ್ತದೋ ಹಾಗೆ ಎಳಿ. ಏನೂ ಯೋಚನೆ ಮಾಡಬೇಡ.

(ಅವಳು ಹಲ್ಲು ಕಚ್ಚಿ ಎಳೆದಳು. ಎಲ್ಲ ಕೈಯಲ್ಲೇ. ಸರಪಳಿ ಗರಗರ ಅಂತ ಹೋಗಿ ಬಂತು, ಪೀಠ ದಡಬಡ ಜಾರಿತು. ಪರದೆಯಲ್ಲಿ ಎರಡು ಅಂಕಿ: ನಿಮಿಷಕ್ಕೆ 38 ಸ್ಟ್ರೋಕ್, ಅಂದರೆ 38 ಎಳೆತ; ಅದೇ ವೇಗದಲ್ಲಿ ಹೋದರೆ 500 ಮೀಟರಿಗೆ 3 ನಿಮಿಷ 5 ಸೆಕೆಂಡ್.)

ಸಾಕು. ಏದುಸಿರು ಬಂತಲ್ವಾ? ಎಲ್ಲರೂ ಹೀಗೇ ಶುರು ಮಾಡುತ್ತಾರೆ. ಎಳೆಯುವ ಆಟ ಅಂದುಕೊಂಡಿರುವುದರಿಂದ ಎಳೆಯುತ್ತಾರೆ. ನಾನು ಹೇಳುವುದು ಇಷ್ಟು: ಇದು ಕಾಲಿನಿಂದ ತಳ್ಳುವ ಆಟ. ತಳ್ಳಿದ ಮೇಲೆ ಕಾಯುವ ಆಟ.

ಎಪಿಎಂಸಿ ಯಾರ್ಡ್‌ನಲ್ಲಿ ಮೂಟೆ ಎತ್ತುವ ಹಮಾಲರನ್ನು ನೋಡಿದ್ದೀರಾ? ಹೊಸಬ ಸೊಂಟ ಬಗ್ಗಿಸಿ ಕೈಯಲ್ಲಿ ಎತ್ತಲು ನೋಡುತ್ತಾನೆ, ಮಧ್ಯಾಹ್ನಕ್ಕೆ ಬೆನ್ನು ಹಿಡಿಯುತ್ತದೆ. ಪಳಗಿದವರು ಮಂಡಿ ಮಡಚಿ ಕೂರುತ್ತಾರೆ, ಬೆನ್ನು ನೆಟ್ಟಗೆ, ಕೈ ಬರೀ ಕೊಕ್ಕೆ. ಕಾಲಿನಿಂದ ನೆಲ ಒತ್ತಿ ಏಳುತ್ತಾರೆ. ಮೂಟೆ ಮಂಡಿ ದಾಟಿದ ಮೇಲೆ ಸೊಂಟ ನೆಟ್ಟಗಾಗುತ್ತದೆ. ಕೈ ಬಳಸುವುದು ಕೊನೆಗೆ. ಇದೇ ರೋಯಿಂಗ್. ಅವರು ನಿಂತು ಮಾಡುವುದನ್ನು ನಾವು ಕೂತು ಮಾಡುತ್ತೇವೆ.

ಒಂದು ಸ್ಟ್ರೋಕ್‌ಗೆ ನಾಲ್ಕು ಘಟ್ಟ. ಮಂಡಿ ಪೂರ್ತಿ ಮಡಚಿ, ಮಂಡಿಯ ಕೆಳಗಿನ ಕಾಲು ನೆಟ್ಟಗೆ ನಿಂತಿರುವ ಹೊತ್ತಿಗೆ ಹುಟ್ಟಿನ ತುದಿಯ ಬ್ಲೇಡ್ ನೀರಿಗೆ ಇಳಿಯುತ್ತದೆ. ಇದು ಕ್ಯಾಚ್. ಆಮೇಲೆ ಡ್ರೈವ್: ಮೊದಲು ಕಾಲು ತಳ್ಳಬೇಕು, ಆಮೇಲೆ ಸೊಂಟದಿಂದ ಮೈ ಹಿಂದಕ್ಕೆ ತೂಗಬೇಕು, ಕಡೆಗೆ ಕೈ ಎದೆಯ ಕೆಳಗೆ ಬರಬೇಕು. ಅಲ್ಲಿಗೆ ಫಿನಿಶ್. ಬ್ಲೇಡ್ ನೀರಿನಿಂದ ಮೇಲೆ. ವಾಪಸ್ ಹೋಗುವುದು ರಿಕವರಿ, ಅದರಲ್ಲಿ ಸಾಲು ಉಲ್ಟಾ: ಕೈ ಚಾಚು, ಮೈ ಮುಂದೆ ಬಾಗಿಸು, ಆಮೇಲೆ ಮಂಡಿ ಮಡಚು. ಕೈ ಮಂಡಿ ದಾಟುವ ಮೊದಲೇ ಮಂಡಿ ಮೇಲೆದ್ದರೆ ಹಿಡಿಕೆ ಮಂಡಿಗೆ ಬಡಿಯುತ್ತದೆ. ಮೊದಲ ದಿನ ಎಲ್ಲರಿಗೂ ಬಡಿಯುತ್ತದೆ.

ಹಿಡಿಕೆಯನ್ನು ಮುಷ್ಟಿ ಬಿಗಿದು ಹಿಡಿಯಬೇಡಿ. ತುಂಬಿದ ಬಕೆಟ್ ಎತ್ತಿಕೊಂಡು ಹೋಗುವಾಗ ಹಿಡಿಕೆ ಬೆರಳಿಗೆ ತೂಗುತ್ತಿರುತ್ತದಲ್ಲ, ಹಾಗೆ. ಬಿಗಿದು ಹಿಡಿದರೆ ಮೊದಲು ಮುಂಗೈ ಮರಗಟ್ಟುತ್ತದೆ, ಆಮೇಲೆ ಅಂಗೈ ತುಂಬ ಬೊಬ್ಬೆ. ಬೊಬ್ಬೆ ಹೇಗಿದ್ದರೂ ಸ್ವಲ್ಪ ಬರುತ್ತದೆ, ಒಡೆದು ಗಟ್ಟಿಯಾಗುತ್ತದೆ. ಕೈಗವಸು ಹಾಕಬಹುದಾ ಅಂತ ಕೇಳುತ್ತಾರೆ. ನನ್ನ ಸಲಹೆ ಬೇಡ ಅಂತಲೇ. ಹಿಡಿಕೆ ಬೆರಳಿನಲ್ಲಿ ತಿರುಗುವುದು ಗೊತ್ತಾಗಬೇಕು.

ಯಾಕೆ ತಿರುಗಿಸಬೇಕು? ನೀರಿನೊಳಗೆ ಬ್ಲೇಡ್ ನೆಟ್ಟಗೆ ನಿಂತಿರುತ್ತದೆ. ಹೊರಗೆ ಬಂದ ಕೂಡಲೇ ಅದನ್ನು ಮಣಿಕಟ್ಟಿನಿಂದ ಮಲಗಿಸಬೇಕು. ಗಾಳಿ ತಡೆ ಕಮ್ಮಿಯಾಗುತ್ತದೆ, ಸಣ್ಣ ಅಲೆ ತಾಗಿದರೂ ಜಾರಿಹೋಗುತ್ತದೆ. ಫೆದರ್ ಮಾಡುವುದು ಅನ್ನುತ್ತಾರೆ ಇದಕ್ಕೆ. ಮತ್ತೆ ನೀರಿಗೆ ಇಳಿಸುವ ಮುಂಚೆ ಎಬ್ಬಿಸಬೇಕು. ಪೂರ್ತಿ ಎಬ್ಬಿಸದೆ ಓರೆಯಾಗಿ ಇಳಿಸಿದಿರೋ, ನೀರು ಬ್ಲೇಡನ್ನು ಕೆಳಗೆ ಎಳೆದುಕೊಳ್ಳುತ್ತದೆ. ಹಿಡಿಕೆ ಎದೆಗೋ ಹೊಟ್ಟೆಗೋ ಗುದ್ದುತ್ತದೆ. ರೋವರ್‌ಗಳ ಮಾತಿನಲ್ಲಿ ಇದು ‘ಏಡಿ ಹಿಡಿಯುವುದು’. ನೀರಿನೊಳಗೆ ಏಡಿಯೊಂದು ಹುಟ್ಟನ್ನು ಕಚ್ಚಿ ಹಿಡಿದ ಹಾಗೇ ಅನ್ನಿಸುತ್ತದೆ. ಎಂಟು ಜನರ ದೋಣಿ ಪೂರ್ತಿ ವೇಗದಲ್ಲಿರುವಾಗ ಏಡಿ ಹಿಡಿದರೆ ಹಿಡಿಕೆ ಆ ರೋವರ್‌ನನ್ನು ದೋಣಿಯಿಂದಲೇ ಎತ್ತಿ ಎಸೆಯಬಲ್ಲದು.

ಈಗ ನಾನು ಹೇಳಲು ಬಂದ ಮುಖ್ಯ ವಿಷಯ. ಬ್ಲೇಡ್ ನೀರಿನಲ್ಲಿದ್ದು ನೀವು ಜೋರಾಗಿ ತಳ್ಳುತ್ತಿರುವಾಗ ದೋಣಿಯ ವೇಗ ಅತಿ ಜಾಸ್ತಿ ಇರಬೇಕು ಅಂತ ನಿಮಗೆ ಅನ್ನಿಸುತ್ತದಲ್ವಾ? ಹಾಗಿಲ್ಲ. ದೋಣಿ ಎಲ್ಲಕ್ಕಿಂತ ವೇಗವಾಗಿ ಹೋಗುವುದು ಹುಟ್ಟುಗಳು ನೀರಿನಿಂದ ಹೊರಗಿರುವಾಗ, ರಿಕವರಿಯಲ್ಲಿ. ಎಲ್ಲಕ್ಕಿಂತ ನಿಧಾನವಾಗಿರುವುದು ಕ್ಯಾಚ್ ಆದ ತಕ್ಷಣ. ನನಗೆ ಇದನ್ನು ಮೊದಲು ಹೇಳಿದಾಗ ನಂಬಲಿಲ್ಲ.

ಚಿಕ್ಕವರಿದ್ದಾಗ ಕೆರೆಯಲ್ಲಿ ಬಾಳೆದಿಂಡಿನ ತೆಪ್ಪ ಕಟ್ಟಿಕೊಂಡು ಆಡಿದ್ದರೆ ನಿಮಗೆ ಇದು ಗೊತ್ತಿದೆ. ತೆಪ್ಪದ ಈ ತುದಿಯಿಂದ ಆ ತುದಿಗೆ ನಡೆದರೆ ತೆಪ್ಪ ನಿಮ್ಮ ಕಾಲ ಕೆಳಗೆ ಎದುರು ದಿಕ್ಕಿಗೆ ಜಾರುತ್ತದೆ. ರೋಯಿಂಗ್ ದೋಣಿಯಲ್ಲಿ ನಿಮ್ಮ ತೂಕ 60 ಕೆಜಿ, ದೋಣಿ 14 ಕೆಜಿ. ಫಿನಿಶ್ ಆದ ಮೇಲೆ ನೀವು ಮಂಡಿ ಮಡಚುತ್ತಾ ದೋಣಿಯ ಹಿಂಭಾಗದ ಕಡೆಗೆ ಜಾರುತ್ತೀರಿ. ಆಗ ಆ ಹಗುರ ದೋಣಿ ನಿಮ್ಮ ಕೆಳಗಿನಿಂದ ಮುಂದಕ್ಕೆ ಓಡುತ್ತದೆ. ಪಾದದಿಂದ ಅದನ್ನು ನಿಮ್ಮ ಕಡೆಗೆ ಮೆತ್ತಗೆ ಎಳೆದುಕೊಳ್ಳುತ್ತಿರುತ್ತೀರಿ ಅನ್ನಬಹುದು. ಆದರೆ ಆ ತುದಿಗೆ ಹೋಗಿ ನಿಲ್ಲಬೇಕಲ್ಲ? ನಿಲ್ಲುವಾಗ ಪಾದ ದೋಣಿಯನ್ನು ಹಿಂದಕ್ಕೆ ಒತ್ತುತ್ತದೆ. ಮೆಲ್ಲಗೆ ಹೋದವರು ಮೆಲ್ಲಗೆ ಒತ್ತುತ್ತಾರೆ. ದಡಬಡ ಹೋದವರು 60 ಕೆಜಿ ತೂಕವನ್ನು ತಂದು ದೋಣಿಗೆ ಗುದ್ದಿದ ಹಾಗೆ. ದೋಣಿ ಅಲ್ಲೇ ತಡವರಿಸುತ್ತದೆ. ಅಷ್ಟು ಕಷ್ಟಪಟ್ಟು ಗಳಿಸಿದ ಓಟವನ್ನು ನೀವೇ ಬ್ರೇಕ್ ಹಾಕಿ ನಿಲ್ಲಿಸಿದಿರಿ.

ಅದಕ್ಕೆ ಮಾಸ್ಟರ್ ನನಗೆ ಕಲಿಸಿದ್ದು ಒಂದು ಎಣಿಕೆ. ಒಂದು ಅನ್ನುವಾಗ ತಳ್ಳು. ಎರಡು, ಮೂರು ಅನ್ನುವಾಗ ತಾಳು. ತಳ್ಳುವುದಕ್ಕೆ ಒಂದು ಪಾಲು ಹೊತ್ತು, ವಾಪಸ್ ಹೋಗುವುದಕ್ಕೆ ಎರಡು ಪಾಲು. ನಾನು ಅವಸರ ಮಾಡಿದಾಗಲೆಲ್ಲ ಮೋಟರ್ ಬೋಟಿನಿಂದ ಒಂದೇ ಮಾತು: “ತಾಳಮ್ಮ. ದೋಣಿ ಓಡ್ತಾ ಇದೆ, ಓಡಕ್ಕೆ ಬಿಡು.”

ಒಂದು ಬೆಳಿಗ್ಗೆ, ಐದಾರು ತಿಂಗಳಾದ ಮೇಲೆ, ಅದು ಸರಿಯಾಗಿ ಕೂತಿತು. ಬ್ಲೇಡ್‌ಗಳು ನೀರಿಗೆ ತಾಗದೆ ತೇಲುತ್ತಿದ್ದವು. ಬ್ಲೇಡಿನಿಂದ ಬಿದ್ದ ಹನಿಗಳು ನೀರಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಎರಡು ಗೆರೆ ಬರೆದವು. ದೋಣಿಯ ತಳದಲ್ಲಿ ಗುಳುಗುಳು ಅಂತ ಶಬ್ದ. ಗುಳ್ಳೆಗಳು ತಳವನ್ನು ಉಜ್ಜಿಕೊಂಡು ಹೋಗುವ ಸದ್ದು ಅದು, ಚೆನ್ನಾಗಿ ಓಡುವ ದೋಣಿಯಲ್ಲಿ ಮಾತ್ರ ಕೇಳುತ್ತದೆ. ನಾನು ಏನೂ ಮಾಡುತ್ತಿರಲಿಲ್ಲ, ದೋಣಿ ಓಡುತ್ತಿತ್ತು. ಆ ಸದ್ದಿಗೋಸ್ಕರ ನಾನು ಇಷ್ಟು ವರ್ಷ ಬೆಳಿಗ್ಗೆ ಐದಕ್ಕೆ ಎದ್ದಿದ್ದೇನೆ.

ಇನ್ನು ದೋಣಿಗಳ ಬಗೆ. ಒಬ್ಬರಿಗೆ ಎರಡು ಹುಟ್ಟಿದ್ದರೆ ಸ್ಕಲ್ಲಿಂಗ್. ಒಬ್ಬರಿಗೆ ಒಂದೇ ದೊಡ್ಡ ಹುಟ್ಟಿದ್ದರೆ ಸ್ವೀಪ್. ಸ್ಕಲ್ಲಿಂಗ್‌ನಲ್ಲಿ ಒಬ್ಬರು, ಇಬ್ಬರು, ನಾಲ್ವರು ಕೂರುತ್ತಾರೆ. ಸ್ವೀಪ್‌ನಲ್ಲಿ ಇಬ್ಬರು, ನಾಲ್ವರು, ಎಂಟು ಜನ. ಎಂಟರ ದೋಣಿಯಲ್ಲಿ ಒಂಬತ್ತನೆಯವರೊಬ್ಬರು ಇರುತ್ತಾರೆ, ಕಾಕ್ಸ್. ಅವರು ಮಾತ್ರ ಮುಂದೆ ನೋಡುವವರು. ಚುಕ್ಕಾಣಿ ಅವರ ಕೈಯಲ್ಲಿ, ದನಿ ಎಂಟೂ ಜನರ ಕಿವಿಯಲ್ಲಿ. ಕಾಕ್ಸ್‌ಗೆ ಎದುರಾಗಿ ಕೂರುವವರು ‘ಸ್ಟ್ರೋಕ್’. ಲಯ ಹಾಕುವುದು ಅವರ ಜವಾಬ್ದಾರಿ, ಹಿಂದಿನವರೆಲ್ಲ ಅವರ ಬೆನ್ನು ನೋಡಿಕೊಂಡು ಹುಟ್ಟು ಹಾಕಬೇಕು. ಭಜನೆಯಲ್ಲಿ ತಾಳ ಹಾಕುವವರು ತಪ್ಪಿದರೆ ಏನಾಗುತ್ತದೆ ಗೊತ್ತಲ್ಲ, ಇಲ್ಲೂ ಅದೇ. ಎಂಟು ಜನ ಬಲಶಾಲಿಗಳು ಒಬ್ಬೊಬ್ಬರೇ ತಮ್ಮ ತಮ್ಮ ಲಯದಲ್ಲಿ ಎಳೆದರೆ ದೋಣಿ ಮುಂದೆ ಹೋಗುವುದಕ್ಕಿಂತ ಅಲುಗಾಡುವುದೇ ಜಾಸ್ತಿ. ಕೂಡಿ ಬಂದರೆ? 2017ರಲ್ಲಿ ಪೋಲೆಂಡಿನ ಪೋಜ್ನಾನ್‌ನಲ್ಲಿ ಜರ್ಮನಿಯ ಎಂಟರ ತಂಡ 2000 ಮೀಟರನ್ನು 5 ನಿಮಿಷ 18.68 ಸೆಕೆಂಡಿನಲ್ಲಿ ಮುಗಿಸಿತು. ಗಂಟೆಗೆ 22 ಕಿಲೋಮೀಟರಿಗೂ ಮೇಲೆ, ಬರೀ ಮೈ ಬಲದಿಂದ.

ಇತಿಹಾಸ ಬೇಗ ಹೇಳಿ ಮುಗಿಸುತ್ತೇನೆ. ಲಂಡನ್ನಿನ ಥೇಮ್ಸ್ ನದಿಯಲ್ಲಿ ಜನರನ್ನು ದಾಟಿಸುತ್ತಿದ್ದ ಅಂಬಿಗರಿಂದ ಈ ಆಟ ಹುಟ್ಟಿತು. ಆಗತಾನೇ ಕಸುಬು ಕಲಿತು ಮುಗಿಸಿದ ಅಂಬಿಗರಿಗಾಗಿ 1715ರಲ್ಲಿ ಶುರುವಾದ ಪಂದ್ಯ ಇವತ್ತಿಗೂ ನಡೆಯುತ್ತಿದೆ. ಆಕ್ಸ್‌ಫರ್ಡ್–ಕೇಂಬ್ರಿಜ್ ಪಂದ್ಯ ಮೊದಲು ಆದದ್ದು 1829ರಲ್ಲಿ. ಬ್ರಿಟಿಷರು ಅದನ್ನು ಇಲ್ಲಿಗೂ ತಂದರು: ಕಲ್ಕತ್ತಾದಲ್ಲಿ 1858ರಲ್ಲಿ, ಮದ್ರಾಸಿನಲ್ಲಿ 1867ರಲ್ಲಿ ಕ್ಲಬ್ ಆಯಿತು. ಒಲಿಂಪಿಕ್ಸ್‌ನಲ್ಲಿ 1900ರಿಂದ ಇದೆ. ಹೆಣ್ಣುಮಕ್ಕಳಿಗೆ ಅವಕಾಶ ಸಿಕ್ಕಿದ್ದು ಮಾತ್ರ 1976ರಲ್ಲಿ, ಅದೂ 1000 ಮೀಟರ್. ಗಂಡಸರಷ್ಟೇ 2000 ಮೀಟರ್ ಓಡಿಸಲು ಬಿಟ್ಟದ್ದು 1988ರಿಂದ. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನಮ್ಮ ದೇಶದ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ನೀರಿಲ್ಲದ ಊರಿನವರ ಕಥೆ. ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ರೋಯಿಂಗ್‌ನ ಮೊದಲ ಚಿನ್ನ ತಂದವರು ಬಜರಂಗ್ ಲಾಲ್ ತಾಖರ್, 2010ರಲ್ಲಿ, ಚೀನಾದ ಗುವಾಂಗ್‌ಝೌನಲ್ಲಿ. ಅವರು ರಾಜಸ್ಥಾನದ ಸೀಕರ್ ಕಡೆಯವರು. ದತ್ತು ಭೋಕನಾಳ್ ಹೆಸರು ಕೇಳಿರಬಹುದು. ನಾಸಿಕ್ ಜಿಲ್ಲೆಯ ಬರದ ಹಳ್ಳಿ ತಳೇಗಾಂವ್ ರೋಹಿಯವರು. ಅಪ್ಪನ ಜೊತೆ ಬಾವಿ ತೋಡುವ ಕೂಲಿ ಮಾಡುತ್ತಿದ್ದ ಹುಡುಗ. 2012ರಲ್ಲಿ ಸೇನೆ ಸೇರಿದ ಮೇಲೆ ಹುಟ್ಟು ಹಿಡಿದರು. ಎತ್ತರದ ಆಳು, ಕೋಚ್ ಕಣ್ಣಿಗೆ ಬಿದ್ದರು. ಆರಂಭದಲ್ಲಿ ನೀರು ಕಂಡರೆ ಭಯ. ನಾಲ್ಕೇ ವರ್ಷಕ್ಕೆ ರಿಯೋ ಒಲಿಂಪಿಕ್ಸ್‌ನಲ್ಲಿ ಸಿಂಗಲ್ ಸ್ಕಲ್ಸ್‌ನಲ್ಲಿ 13ನೇ ಸ್ಥಾನ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಮೈಗೆ ಹುಷಾರಿರಲಿಲ್ಲ, ಸಿಂಗಲ್ ಫೈನಲ್‌ನಲ್ಲಿ ಹಿಂದೆ ಬಿದ್ದರು. ಮಾರನೆಯ ದಿನವೇ ಸ್ವರ್ಣ ಸಿಂಗ್, ಓಂ ಪ್ರಕಾಶ್, ಸುಖ್‌ಮೀತ್ ಸಿಂಗ್ ಜೊತೆ ನಾಲ್ವರ ದೋಣಿಯಲ್ಲಿ ಕೂತು ಚಿನ್ನ ಗೆದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅರ್ಜುನ್ ಲಾಲ್ ಜಾಟ್, ಅರವಿಂದ್ ಸಿಂಗ್ ಜೋಡಿ 11ನೇ ಸ್ಥಾನ ಪಡೆಯಿತು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ, ಮೂರು ಕಂಚು ಬಂತು. ಹೆಚ್ಚುಕಡಿಮೆ ಎಲ್ಲರೂ ಸೇನೆ, ನೌಕಾಪಡೆಯ ಹುಡುಗರು. ಗಡಿಯಲ್ಲಿ ನೆಲಬಾಂಬಿಗೆ ಕಾಲು ಕಳೆದುಕೊಂಡ ಆಂಧ್ರದ ನಾರಾಯಣ ಕೊಂಗನಪಲ್ಲೆ, ಅನಿತಾ ಜೊತೆಗೂಡಿ ಪ್ಯಾರಾ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗೂ ಹೋಗಿ ಬಂದರು.

ಬಾವಿ ತೋಡುತ್ತಿದ್ದ ಹುಡುಗ ಒಲಿಂಪಿಕ್ಸ್‌ಗೆ ಹೋದ ಅಂದರೆ ಅವನಿಗೆ ಯಾರೋ ದೋಣಿ ಕೊಟ್ಟರು, ಯಾರೋ ಕಲಿಸಿದರು ಅಂತ ಅರ್ಥ. ನಮ್ಮಲ್ಲಿ ತುಂಗಭದ್ರೆ ಇದೆ, ಕಾವೇರಿ, ಕೃಷ್ಣಾ, ಕಾಳಿ, ಶರಾವತಿ ಇವೆ. ನೀರಿಗೆ ಹೆದರದ ಅಂಬಿಗರ ಮಕ್ಕಳು, ಮೊಗವೀರರ ಮಕ್ಕಳು ಇದ್ದಾರೆ. ಅವರಿಗೆ ದೋಣಿ ಮತ್ತು ಕೋಚ್ ಕೊಡುವವರು ಬೇಕು.

ಇನ್ನೊಂದು ಸುದ್ದಿ ಕರಾವಳಿಯವರಿಗೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೀಚ್ ಸ್ಪ್ರಿಂಟ್ ಅನ್ನುವ ಹೊಸ ಸ್ಪರ್ಧೆ ಬರುತ್ತಿದೆ. ಮರಳಿನಲ್ಲಿ ಓಡಿ ದೋಣಿ ಹತ್ತಬೇಕು, ಅಲೆ ಸೀಳಿಕೊಂಡು 250 ಮೀಟರ್ ಹೋಗಿ ತಿರುಗಿ ಬರಬೇಕು, ಇಳಿದು ಓಡಿ ಬಜರ್ ಒತ್ತಬೇಕು. ಆ ದೋಣಿ ಅಗಲ, ಗಟ್ಟಿ, ಸುಲಭಕ್ಕೆ ಮಗುಚುವುದಿಲ್ಲ. ಎರಡು ಕಿಲೋಮೀಟರ್ ನೆಟ್ಟಗಿನ ನಿಂತ ನೀರು ಹುಡುಕಬೇಕಿಲ್ಲ, ಒಂದು ಬೀಚ್ ಸಾಕು. ಕಾರವಾರ, ಮಲ್ಪೆ, ಪಣಂಬೂರು ನೆನಪಾಗುತ್ತವೆ ನನಗೆ. ಅಂದ ಹಾಗೆ, ಅಲ್ಲಿ ನೀರಿನ ಜಾಗ ಚಿಕ್ಕದಾದ್ದರಿಂದ ಮಾಮೂಲಿ ರೋಯಿಂಗ್ ಕೂಡ ಆ ಒಂದು ಸಲ 1500 ಮೀಟರಿಗೆ ಇಳಿಯುತ್ತದೆ.

ಕೆಲವು ಪ್ರಶ್ನೆಗಳು ಬಂದವು. ಚಿಕ್ಕದಾಗಿ ಉತ್ತರಿಸುತ್ತೇನೆ.

ಒಬ್ಬರು ಕೇಳಿದರು, ಎತ್ತರ ಇರಲೇಬೇಕಾ ಅಂತ. ದೊಡ್ಡ ಪಂದ್ಯ ಗೆಲ್ಲುವವರು ಸಾಮಾನ್ಯವಾಗಿ ಎತ್ತರದವರು, ಕೈಕಾಲು ಉದ್ದವಿದ್ದರೆ ಸ್ಟ್ರೋಕ್ ಉದ್ದವಾಗುತ್ತದೆ. ಕಲಿತು ಖುಷಿಪಡಲು ಎತ್ತರ ಬೇಡ. ನಾನು ಐದು ಅಡಿ ಎರಡು ಇಂಚು. ವಯಸ್ಸು? ಹನ್ನೆರಡು ಹದಿಮೂರಕ್ಕೆ ಶುರು ಮಾಡುತ್ತಾರೆ, ನಾನು ಶುರು ಮಾಡಿದ್ದು 31ಕ್ಕೆ. ಮಂಡಿಗೆ ಪೆಟ್ಟಾಗುತ್ತದಾ ಅಂತ ಒಬ್ಬ ತಾಯಿ ಕೇಳಿದರು. ಓಡುವಾಗಿನ ಹಾಗೆ ನೆಲ ಗುದ್ದುವುದಿಲ್ಲ, ಆದ್ದರಿಂದ ಮಂಡಿಗೆ ಹಿತವೇ. ಎಚ್ಚರ ಬೇಕಾದದ್ದು ಸೊಂಟಕ್ಕೆ. ಬೆನ್ನು ಗೂನಾಗಿಸಿಕೊಂಡು ಎಳೆದರೆ ನೋವು ಗ್ಯಾರಂಟಿ.

ಖರ್ಚು? ದೋಣಿ ನೀವು ಕೊಳ್ಳಬೇಕಿಲ್ಲ, ಕೊಳ್ಳಲೂ ಆಗುವುದಿಲ್ಲ, ಒಳ್ಳೆಯ ಸಿಂಗಲ್‌ಗೆ ಲಕ್ಷಗಟ್ಟಲೆ ರೂಪಾಯಿ. ಕ್ಲಬ್ಬಿನ ದೋಣಿಯಲ್ಲೇ ಎಲ್ಲರೂ ಕಲಿಯುವುದು. ಕಲಿಯುವ ಜಾಗಗಳು ನಮ್ಮ ದೇಶದಲ್ಲಿ ಕಮ್ಮಿ: ಚೆನ್ನೈ, ಕೋಲ್ಕತ್ತಾ, ಹೈದರಾಬಾದಿನ ಹುಸೇನ್ ಸಾಗರ, ಭೋಪಾಲದ ದೊಡ್ಡ ಕೆರೆ, ಚಂಡೀಗಢದ ಸುಖ್ನಾ, ಆಲಪ್ಪುಳ. ಪುಣೆಯಲ್ಲಿ ಸೇನೆಯ ಕೇಂದ್ರ. ಹತ್ತಿರದಲ್ಲಿ ನೀರಿಲ್ಲದಿದ್ದರೆ ಜಿಮ್ಮಿನ ಮಷೀನಿನಲ್ಲಿ ಶುರು ಮಾಡಿ. ಅದರ ಪಕ್ಕದಲ್ಲಿ 1ರಿಂದ 10ರವರೆಗೆ ಒಂದು ಸನ್ನೆ ಇರುತ್ತದೆ. ಎಲ್ಲರೂ ಸುಮ್ನೆ 10ಕ್ಕೆ ಇಟ್ಟು ಎಳೆಯುತ್ತಾರೆ. ಅದು ಸೈಕಲ್ಲಿನ ಗೇರ್ ಇದ್ದ ಹಾಗೆ, 10 ಅಂದರೆ ಭಾರವಾದ ದೋಣಿ ಅಷ್ಟೇ. 3ರಿಂದ 5ರೊಳಗೆ ಇಡಿ. ಮೊದಲ ವಾರ ದಿನಕ್ಕೆ 10 ನಿಮಿಷ, ನಿಮಿಷಕ್ಕೆ 20 ಸ್ಟ್ರೋಕ್ ದಾಟಬೇಡಿ.

ಮಾತು ಮುಗಿಸಿ ಮಷೀನ್ ಬಿಚ್ಚಲು ಹೋದೆ. ಅದೇ ಪಿಯುಸಿ ಹುಡುಗಿ ಪಕ್ಕದಲ್ಲಿ ನಿಂತಿದ್ದಳು. “ಮೇಡಂ, ಇನ್ನೊಂದ್ಸಲ ಕೂರ್ಲಾ?” ಅಂದಳು. ಕೂತಳು. ನಾನು ಏನೂ ಹೇಳಲಿಲ್ಲ. ಅವಳೇ ಬಾಯಲ್ಲಿ ಎಣಿಸಿಕೊಂಡಳು. ಒಂದು. ಎರಡು, ಮೂರು. ಒಂದು. ಎರಡು, ಮೂರು. ಹತ್ತು ಸ್ಟ್ರೋಕ್ ಆಗುವ ಹೊತ್ತಿಗೆ ಪೀಠದ ದಡಬಡ ನಿಂತಿತ್ತು, ಫ್ಯಾನಿನ ಸದ್ದು ಮಾತ್ರ ಬರುತ್ತಿತ್ತು, ಉಸಿರು ಬಿಟ್ಟ ಹಾಗೆ. ಬಗ್ಗಿ ಪರದೆ ನೋಡಿದೆ. ನಿಮಿಷಕ್ಕೆ 22 ಸ್ಟ್ರೋಕ್. 500 ಮೀಟರಿಗೆ 2 ನಿಮಿಷ 41 ಸೆಕೆಂಡ್. ಅವಳ ಅಪ್ಪ ಬಾಗಿಲಲ್ಲಿ ಬೈಕಿನ ಕೀಲಿ ಹಿಡಿದು ಕಾಯುತ್ತಿದ್ದರು. ಅವಳು ಇನ್ನೂ ಎಣಿಸುತ್ತಲೇ ಇದ್ದಳು.